ಬ್ರಿಜಿಡ್ ಎಂಬ ಹೆಸರು: ಯೋಗಾರ್ಥ, ರೂಢ್ಯರ್ಥ ಮತ್ತು ಲೋಕವ್ಯವಹಾರ

ಶಬ್ದಕ್ಕೆ ಅರ್ಥವು ಎರಡು ದಾರಿಗಳಿಂದ ಬರುತ್ತದೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಧಾತು ಪ್ರತ್ಯಯಗಳನ್ನು ಬಿಡಿಸಿ ನೋಡಿದಾಗ ದೊರೆಯುವುದು ಯೋಗಾರ್ಥ. ಜನರ ಬಾಯಲ್ಲಿ ಬಳಕೆಯಾಗಿ ನೆಲೆನಿಂತದ್ದು ರೂಢ್ಯರ್ಥ. ಇವೆರಡಕ್ಕೂ ವಿರೋಧ ಬಂದಾಗ ರೂಢಿಯೇ ಬಲವತ್ತರವೆಂಬುದು ಹಿರಿಯರ ನಿರ್ಣಯ. ‘ಪಂಕಜ’ವೆಂದರೆ ಕೆಸರಿನಲ್ಲಿ ಹುಟ್ಟಿದುದೆಂಬ ಅರ್ಥವಿದ್ದರೂ, ಕೆಸರಿನಲ್ಲಿ ಹುಟ್ಟಿದ ಕಪ್ಪೆಯನ್ನು ಯಾರೂ ಪಂಕಜವೆನ್ನುವುದಿಲ್ಲ. ಸಾಮಾನ್ಯ ಶಬ್ದಗಳಿಗೆ ಸಲ್ಲುವ ಈ ನಿಯಮವು ಮನುಷ್ಯರ ಹೆಸರುಗಳಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ತಂದೆತಾಯಿಗಳು ಮಗುವಿಗೆ ಯೋಗಾರ್ಥವನ್ನು ನೋಡಿ ಹೆಸರಿಡುತ್ತಾರೆ. ಲೋಕವು ಅದಕ್ಕೆ ಕಾಲಕ್ರಮದಲ್ಲಿ ಒಂದು ರೂಢ್ಯರ್ಥವನ್ನು ಕಟ್ಟುತ್ತದೆ. ಆ ರೂಢಿ ಕೆಲವೊಮ್ಮೆ ಹೆಸರನ್ನು ಎತ್ತರಕ್ಕೇರಿಸುತ್ತದೆ, ಕೆಲವೊಮ್ಮೆ ಪಾತಾಳಕ್ಕೆ ತಳ್ಳುತ್ತದೆ. ಈ ಏಳುಬೀಳುಗಳನ್ನು ಸಾವಿರದ ಐನೂರು ವರ್ಷಗಳ ಉದ್ದಕ್ಕೂ ಕಂಡ ಒಂದು ಹೆಸರು ಐರ್ಲೆಂಡ್ ದೇಶದ ‘ಬ್ರಿಜಿಡ್’. ಅದರ ಚರಿತ್ರೆಯನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಿರುಕ್ತಿ

ಇಂಗ್ಲಿಷಿನ ಮೂಲಕ ನಮಗೆ ಪರಿಚಿತವಾದ ಉಚ್ಚಾರಣೆ ಬ್ರಿಜಿಡ್ ಅಥವಾ ಬ್ರಿಜೆಟ್. ಪ್ರಾಚೀನ ಐರಿಷ್ ಭಾಷೆಯ ಬರಹದಲ್ಲಿ ಇದು ‘ಬ್ರಿಗಿತ್’ ಎಂದಿದೆ. ನಡುವಣ ಗಕಾರವು ಬರಬರುತ್ತ ಮೃದುವಾಗಿ, ಕೊನೆಗೆ ಲೋಪವಾಗಿ, ಹಿಂದಿನ ಸ್ವರವು ದೀರ್ಘವಾಯಿತು; ಇಂದಿನ ಐರಿಷಿನಲ್ಲಿ ಉಳಿದಿರುವುದು ‘ಬ್ರೀದ್’. ಸಂಸ್ಕೃತದ ‘ನಗರ’ವು ಪ್ರಾಕೃತದಲ್ಲಿ ‘ಣಅರ’ವಾದುದನ್ನು ಬಲ್ಲವರಿಗೆ ಈ ಗಕಾರಲೋಪವು ಹೊಸತಾಗಿ ತೋರದು. ಭಾಷೆಗಳು ದೂರದವಾದರೂ ನಾಲಗೆಯ ಆಲಸ್ಯ ಎಲ್ಲೆಡೆಯೂ ಒಂದೇ.

ಐರಿಷ್ ಭಾಷೆಯು ಸೆಲ್ಟಿಕ್ ಶಾಖೆಗೆ ಸೇರಿದುದು; ಆ ಶಾಖೆಯಾದರೋ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಂತೆ ಇಂಡೋ-ಯುರೋಪಿಯನ್ ಭಾಷಾವಂಶದ ಒಂದು ಕೊಂಬೆ. ಆದುದರಿಂದಲೇ ಈ ಹೆಸರಿಗೂ ನಮ್ಮ ಶಾಸ್ತ್ರಗ್ರಂಥಗಳ ಒಂದು ಶಬ್ದಕ್ಕೂ ರಕ್ತಸಂಬಂಧವಿದೆ. ಭಾಷಾಶಾಸ್ತ್ರಜ್ಞರು ‘ಬ್ರಿಗಿತ್’ ಶಬ್ದದ ಮೂಲವನ್ನು ‘ಬ್ರಿಗಂತೀ’ ಎಂಬ ಪ್ರಾಚೀನ ಸೆಲ್ಟಿಕ್ ರೂಪದಲ್ಲಿ ಗುರುತಿಸುತ್ತಾರೆ. ಅದಕ್ಕೆ ಸರಿಹೊಂದುವ ಸಂಸ್ಕೃತ ಶಬ್ದ ‘ಬೃಹತೀ’. ಸಂಸ್ಕೃತದ ಋಕಾರಕ್ಕೆ ಅಲ್ಲಿ ‘ರಿ’. ಇಲ್ಲಿಯ ಹಕಾರದ ಸ್ಥಾನದಲ್ಲಿ ಅಲ್ಲಿ ಗಕಾರ. ಸ್ತ್ರೀಲಿಂಗದ ‘ಬೃಹತೀ’ಯಲ್ಲಿ ಕಾಣದ ಅನುನಾಸಿಕವು ‘ಬೃಹಂತಃ’ ಎಂಬ ಪುಲ್ಲಿಂಗ ಬಹುವಚನದಲ್ಲಿ ಇಂದಿಗೂ ಕೇಳುತ್ತದೆ. ಎರಡರ ಅರ್ಥವೂ ಒಂದೇ: ಎತ್ತರವಾದವಳು, ಉನ್ನತೆ, ಮಹತಿ. ರೋಮನರು ಬ್ರಿಟನ್ನನ್ನು ಆಳುತ್ತಿದ್ದಾಗ ಆ ದ್ವೀಪದ ಉತ್ತರಭಾಗದಲ್ಲಿದ್ದ ಪ್ರಬಲ ಜನಾಂಗಕ್ಕೆ ಬ್ರಿಗಂತರೆಂದು ಹೆಸರು. ಬ್ರಿಗಂತಿಯಾ ಎಂಬ ದೇವಿಗೆ ಅರ್ಪಿಸಿದ ಕಲ್ಬರಹಗಳು ಅಲ್ಲಿ ದೊರೆತಿವೆ. ವೇದದಲ್ಲಿ ‘ಬೃಹತೀ’ ಎಂಬುದು ಮೂವತ್ತಾರು ಅಕ್ಷರಗಳ ಒಂದು ಛಂದಸ್ಸಿನ ಹೆಸರೂ ಹೌದು. ಐರ್ಲೆಂಡಿನಲ್ಲಿ ಅದೇ ಮೂಲದ ಹೆಸರು ಕವಿಗಳ ಅಧಿದೇವತೆಯದಾಯಿತು. ಇದು ಕಾಕತಾಳೀಯವಾಗಿದ್ದರೂ ಮನಸ್ಸಿಗೆ ಹಿತವಾದ ಕಾಕತಾಳೀಯ.

ಪುರಾಣದ ಬ್ರಿಜಿಡ್

ಐರ್ಲೆಂಡಿನ ಕ್ಯಾಶೆಲ್ ಎಂಬಲ್ಲಿ ರಾಜನೂ ಬಿಷಪ್ಪನೂ ಆಗಿದ್ದ ಕಾರ್ಮಾಕ್ ಮಾಕ್ ಕುಲೆನಾನ್ ಎಂಬ ವಿದ್ವಾಂಸನು 908ರಲ್ಲಿ ಯುದ್ಧದಲ್ಲಿ ಮಡಿದನು. ಅವನ ಹೆಸರಿನಲ್ಲಿ ನಿಂತಿರುವ ನಿಘಂಟಿನಲ್ಲಿ ಬ್ರಿಜಿಡಳ ವಿಚಾರ ಬಂದಿದೆ. ದಗ್ದಾ ಎಂಬ ದೇವನ ಮಗಳಾದ ಆಕೆ ಸ್ವತಃ ಕವಯಿತ್ರಿ, ಕವಿಗಳೆಲ್ಲರೂ ಆರಾಧಿಸಿದ ದೇವಿ. ಅದೇ ಹೆಸರಿನ ಇಬ್ಬರು ಸೋದರಿಯರು ಆಕೆಗಿದ್ದರು; ಒಬ್ಬಳು ವೈದ್ಯಕ್ಕೂ ಇನ್ನೊಬ್ಬಳು ಕಮ್ಮಾರಿಕೆಗೂ ಒಡತಿ. ನುಡಿ, ಮದ್ದು, ಕುಲುಮೆ ಎಂಬ ಮೂರನ್ನು ಒಂದೇ ಹೆಸರಿನಡಿ ತಂದ ಈ ಕಲ್ಪನೆಯಲ್ಲಿ ಆಳವಾದ ವಿವೇಕವಿದೆ. ಮನಸ್ಸನ್ನು ತಿದ್ದುವ ಮಾತು, ದೇಹವನ್ನು ತಿದ್ದುವ ಔಷಧ, ಲೋಹವನ್ನು ತಿದ್ದುವ ಬೆಂಕಿ ಇವುಗಳಲ್ಲಿ ಮೇಲುಕೀಳಿಲ್ಲವೆಂದು ಆ ಪ್ರಾಚೀನರು ಭಾವಿಸಿದಂತಿದೆ.

ಈ ದೇವಿ ದುಃಖವನ್ನು ಅರಿಯದವಳಲ್ಲ. ಮೊಯ್ಟುರಾ ಎಂಬಲ್ಲಿ ನಡೆದ ದೇವಯುದ್ಧದ ಕಥೆಯಲ್ಲಿ ಆಕೆಯ ಮಗ ರುವಾದಾನ್ ಎದುರು ಪಕ್ಷದ ಕಮ್ಮಾರನನ್ನು ಕೊಲ್ಲಲು ಹೋಗಿ ತಾನೇ ಹತನಾಗುತ್ತಾನೆ. ತಾಯಿ ಬಂದು ಮಗನ ಶವದ ಮೇಲೆ ಬಿದ್ದು ಗೋಳಿಟ್ಟಳು. ಐರ್ಲೆಂಡಿನ ನೆಲದಲ್ಲಿ ಕೇಳಿಬಂದ ಮೊದಲ ಶೋಕಧ್ವನಿ ಅದೇ ಎಂದು ಆ ಕಥೆ ಹೇಳುತ್ತದೆ. ಸತ್ತವರಿಗಾಗಿ ಹಾಡಿ ಅಳುವ ಐರಿಷ್ ಸ್ತ್ರೀಯರ ಸಂಪ್ರದಾಯಕ್ಕೆ ಹೀಗೆ ದೇವಿಯೇ ಮೊದಲಿಗಳಾದಳು.

ಐರಿಷ್ ಧರ್ಮಶಾಸ್ತ್ರಗಳಲ್ಲಿ ಬರುವ ಬ್ರೀಗ್ ಎಂಬ ನ್ಯಾಯವೇತ್ತೆಯ ಹೆಸರೂ ಇದೇ ಧಾತುವಿನದು. ಸೆಂಕಾ ಎಂಬ ನ್ಯಾಯಾಧೀಶನು, ಭೂಮಿಯ ಹಕ್ಕನ್ನು ಸಾಧಿಸುವಲ್ಲಿ ಸ್ತ್ರೀಯರಿಗೂ ಪುರುಷರ ವಿಧಿಯನ್ನೇ ವಿಧಿಸಿ ತಪ್ಪು ತೀರ್ಪಿತ್ತನಂತೆ. ಕೂಡಲೇ ಅವನ ಕೆನ್ನೆಗಳ ಮೇಲೆ ಬೊಕ್ಕೆಗಳೆದ್ದುವು. ಬ್ರೀಗ್ ಆ ತೀರ್ಪನ್ನು ತಿದ್ದಿ, ಸ್ತ್ರೀಯರಿಗೆ ತಕ್ಕ ವಿಧಿಯನ್ನು ಹೇಳಿದಳು, ಬೊಕ್ಕೆಗಳು ಮಾಯವಾದುವು. ಅನ್ಯಾಯವು ಹೇಳಿದವನ ಮುಖದಲ್ಲಿಯೇ ಕಾಣಿಸಿಕೊಳ್ಳಬೇಕೆಂಬ ಆಶೆ ಎಲ್ಲ ದೇಶದ ಜನರಿಗೂ ಇದ್ದೇ ಇದೆ.

ಕಿಲ್ಡೇರಿನ ಸಾಧ್ವಿ

ಕ್ರೈಸ್ತಧರ್ಮವು ಐರ್ಲೆಂಡಿನಲ್ಲಿ ಬೇರೂರಿದ ಮೇಲೆ ಈ ಹೆಸರನ್ನು ಹೊತ್ತು ಬಂದವಳು ಸಾಧ್ವಿ ಬ್ರಿಜಿಡ್. ಆಕೆ ಸುಮಾರು 451ರಲ್ಲಿ ಜನಿಸಿ ಸುಮಾರು 525ರಲ್ಲಿ ದೇಹವಿಟ್ಟಳೆಂಬುದು ಸಂಪ್ರದಾಯದ ಲೆಕ್ಕ. ದೇವಿಯೇ ಜನಮನದಲ್ಲಿ ಸಾಧ್ವಿಯಾಗಿ ಮಾರ್ಪಟ್ಟಳೆ, ಅಥವಾ ನಿಜವಾಗಿ ಬಾಳಿದ ಸಾಧ್ವಿಯೊಬ್ಬಳ ಮೇಲೆ ದೇವಿಯ ಕಥೆಗಳು ಬಂದು ಕೂಡಿಕೊಂಡುವೆ ಎಂಬುದು ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯ ವಿಷಯ. ಆಕೆ ಸ್ಥಾಪಿಸಿದಳೆನ್ನುವ ಮಠದ ವಿಚಾರದಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿಲ್ಲ. ‘ಕಿಲ್ಡೇರ್’ ಎಂದರೆ ಓಕ್ ಮರದ ದೇವಾಲಯ. ಏಳನೆಯ ಶತಮಾನದಲ್ಲಿ ಕೊಗಿಟೋಸಸ್ ಎಂಬ ಸನ್ಯಾಸಿಯು ಲ್ಯಾಟಿನ್ನಿನಲ್ಲಿ ಬರೆದ ಆಕೆಯ ಚರಿತ್ರೆಯಲ್ಲಿ, ಸ್ತ್ರೀಪುರುಷರಿಬ್ಬರೂ ಸೇರಿದ ಆ ದೊಡ್ಡ ಮಠವನ್ನೂ, ನಡುವೆ ಗೋಡೆಯಿಂದ ವಿಭಾಗಿಸಿದ ಅದರ ದೇವಾಲಯವನ್ನೂ, ವೇದಿಕೆಯ ಎಡಬಲಗಳಲ್ಲಿ ಬ್ರಿಜಿಡಳಿಗೂ ಬಿಷಪ್ ಕೋನ್ಲೇತನಿಗೂ ಇದ್ದ ಸಮಾಧಿಗಳನ್ನೂ ವರ್ಣಿಸಿದ್ದಾನೆ.

ಆಕೆಯ ಜನ್ಮಕಥೆ ಗಮನಾರ್ಹವಾದುದು. ತಂದೆ ದುಬ್ತಾಕ್ ಕುಲೀನ. ತಾಯಿ ಬ್ರೋಯಿಕ್ಸೆಕ್ ಅವನ ಮನೆಯ ಕ್ರೀತದಾಸಿ. ಗರ್ಭಿಣಿಯಾಗಿದ್ದಾಗಲೇ ತಾಯಿಯನ್ನು ಮಾರಲಾಯಿತು. ಮಗು ಪರರ ಮನೆಯಲ್ಲಿ ಹುಟ್ಟಿತು. ‘ಉನ್ನತೆ’ಯೆಂಬ ಅರ್ಥದ ಹೆಸರು ದಾಸಿಯ ಮಗಳಿಗೆ ಬಂದಿತು. ಮುಂದೆ ತಂದೆಯ ಮನೆ ಸೇರಿದ ಹುಡುಗಿ ಕೈಗೆ ಸಿಕ್ಕುದನ್ನೆಲ್ಲ ಬಡವರಿಗೆ ಕೊಡತೊಡಗಿದಳು. ಬೇಸತ್ತ ತಂದೆ ಆಕೆಯನ್ನು ರಥದಲ್ಲಿ ಕುಳ್ಳಿರಿಸಿಕೊಂಡು ಲೆನ್‌ಸ್ಟರಿನ ರಾಜನಿಗೆ ಮಾರಲು ಹೊರಟನು. ಅವನು ಒಳಗೆ ಹೋಗಿ ಬೆಲೆ ಮಾತಾಡುತ್ತಿರುವಾಗ ಹೊರಗೆ ಕುಷ್ಠರೋಗಿಯೊಬ್ಬ ಬಂದು ಕೈಯೊಡ್ಡಿದನು. ರಥದಲ್ಲಿದ್ದ ತಂದೆಯ ಬೆಲೆಬಾಳುವ ಖಡ್ಗವನ್ನೇ ಆಕೆ ಎತ್ತಿಕೊಟ್ಟಳು. ರಾಜನು ಕಾರಣ ಕೇಳಿದಾಗ, ನಿಮ್ಮ ಸಂಪತ್ತೆಲ್ಲ ನನ್ನ ಕೈಯಲ್ಲಿದ್ದರೆ ಅದನ್ನೂ ದೇವರಿಗಾಗಿ ಕೊಟ್ಟುಬಿಡುತ್ತಿದ್ದೆನೆಂದು ಉತ್ತರಿಸಿದಳು. ಇಂಥವಳಿಗೆ ಬೆಲೆ ಕಟ್ಟುವ ಯೋಗ್ಯತೆ ನಮಗಿಲ್ಲವೆಂದು ರಾಜನು ತಿಳಿದನು.

ಇನ್ನೊಂದು ಕಥೆ ಇದಕ್ಕಿಂತಲೂ ಹೃದಯಸ್ಪರ್ಶಿಯಾದುದು. ತಾಯಿ ಇನ್ನೂ ದಾಸ್ಯದಲ್ಲಿ ಹೈನಿನ ಮನೆಯ ಚಾಕರಿಯಲ್ಲಿದ್ದಳು, ಕಣ್ಣುಬೇನೆಯಿಂದ ನರಳುತ್ತಿದ್ದಳು. ಮಗಳು ಅಲ್ಲಿಗೆ ಹೋಗಿ ತಾಯಿಯ ಕೆಲಸವನ್ನು ತಾನು ವಹಿಸಿಕೊಂಡಳು. ಕಡೆದ ಬೆಣ್ಣೆಯನ್ನು ಬಂದ ಬಡವರಿಗೂ ಅತಿಥಿಗಳಿಗೂ ಹಂಚಿದಳು. ಒಡೆಯನು ಲೆಕ್ಕ ನೋಡಲು ಬಂದನು. ಆಕೆಯ ಪ್ರಾರ್ಥನೆಯಿಂದ ಅವನು ತಂದ ಪಾತ್ರೆ ಬೆಣ್ಣೆಯಿಂದ ತುಂಬಿತು. ವಿಸ್ಮಿತನಾದ ಒಡೆಯನು ಬೆಣ್ಣೆಯನ್ನೂ ಹಸುಗಳನ್ನೂ ಆಕೆಗೇ ಕೊಡಲು ಮುಂದಾದಾಗ, ಹಸುಗಳು ನಿಮ್ಮಲ್ಲೇ ಇರಲಿ, ನನ್ನ ತಾಯಿಯನ್ನು ಬಿಡುಗಡೆ ಮಾಡಿರೆಂದು ಬೇಡಿ, ತಾಯಿಯನ್ನು ದಾಸ್ಯದಿಂದ ಬಿಡಿಸಿಕೊಂಡು ಬಂದಳು. ಪವಾಡವನ್ನು ನಂಬುವವರು ತುಂಬಿದ ಪಾತ್ರೆಯನ್ನು ನೋಡಲಿ. ನಂಬದವರು ಮಗಳು ಬೇಡಿದ ವರವನ್ನು ನೋಡಲಿ. ದಾಸೋಹದ ನೆಲೆಯಲ್ಲಿ ಬೆಳೆದ ನಮ್ಮ ಮಠಗಳ ಪರಿಸರದಲ್ಲಿ ಈ ಕಥೆಗೆ ಭಾಷ್ಯ ಬೇಕಾಗಿಲ್ಲ.

ಕಿಲ್ಡೇರ್ ಮಠದ ಕೀರ್ತಿಗೆ ಮತ್ತೊಂದು ಕಾರಣ ಅಲ್ಲಿಯ ನಂದದ ಅಗ್ನಿ. 1180ರ ದಶಕದಲ್ಲಿ ಐರ್ಲೆಂಡಿಗೆ ಬಂದಿದ್ದ ವೇಲ್ಸಿನ ಜೆರಾಲ್ಡ್ ಎಂಬ ಪಾದ್ರಿಯು ಅದನ್ನು ಕುರಿತು ಬರೆದಿದ್ದಾನೆ. ಹತ್ತೊಂಬತ್ತು ಸನ್ಯಾಸಿನಿಯರು ಒಬ್ಬೊಬ್ಬರು ಒಂದೊಂದು ರಾತ್ರಿ ಬೆಂಕಿಯನ್ನು ಕಾಯುತ್ತಿದ್ದರು. ಇಪ್ಪತ್ತನೆಯ ರಾತ್ರಿ ಸೌದೆಯನ್ನು ಪಕ್ಕದಲ್ಲಿಟ್ಟು, ಈ ರಾತ್ರಿಯ ಸರದಿ ಬ್ರಿಜಿಡಳದೆಂದು ಹೇಳಿ ಹೋಗುತ್ತಿದ್ದರು. ಬೆಳಗಿನಲ್ಲಿ ಬೆಂಕಿ ಆರದೆ ಇರುತ್ತಿತ್ತು. ಅದನ್ನು ಬಾಯಿಂದ ಊದಬಾರದು, ತಿದಿಯಿಂದಲೋ ಬೀಸಣಿಗೆಯಿಂದಲೋ ಉರಿಸಬೇಕು. ಸುತ್ತಲೂ ಇದ್ದ ಬೇಲಿಯನ್ನು ಗಂಡಸರು ದಾಟುವಂತಿರಲಿಲ್ಲ. ಎಷ್ಟು ಸೌದೆ ಉರಿದರೂ ಬೂದಿ ಹೆಚ್ಚುತ್ತಿರಲಿಲ್ಲವಂತೆ. ಗತಿಸಿ ಶತಮಾನಗಳಾದವಳಿಗೂ ಕೆಲಸದ ಸರದಿಯನ್ನು ಬಿಡದೆ ಕೊಟ್ಟ ಆ ಸನ್ಯಾಸಿನಿಯರ ಭಕ್ತಿ ನಿಜಕ್ಕೂ ದೊಡ್ಡದು.

ಆಕೆಯ ಸ್ಮರಣೆಯ ದಿನ ಫೆಬ್ರವರಿ 1. ಕುರಿಗಳು ಈದು ಹಾಲಿಳಿಯುವ, ಚಳಿಗಾಲ ಹಿಂಜರಿಯುವ ಕಾಲವದು. ಕ್ರೈಸ್ತಧರ್ಮಕ್ಕೆ ಮುಂಚಿನಿಂದಲೂ ಅಲ್ಲಿ ಹಬ್ಬದ ದಿನ. ಅಂದು ಜೊಂಡಿನಿಂದ ಹೆಣೆದ ಶಿಲುಬೆಯನ್ನು ಮನೆಯ ಬಾಗಿಲ ಮೇಲೆ ತೂಗುಹಾಕುವರು. ಹಿಂದಿನ ರಾತ್ರಿ ಹೊರಗಿಟ್ಟ ಬಟ್ಟೆಯ ತುಂಡನ್ನು ಬ್ರಿಜಿಡಳ ಸ್ಪರ್ಶವಾದುದೆಂದು ಕಾದಿರಿಸಿ, ತಲೆನೋವಿಗೂ ಹೆರಿಗೆಯ ಬೇನೆಗೂ ಬಳಸುವರು.

ಸೇವಕನಾಮಗಳು

ಮಧ್ಯಯುಗದ ಐರಿಷರು ಈ ಹೆಸರಿನ ಮೇಲಣ ಗೌರವದಿಂದ ಬ್ರಿಜಿಡಳ ಸೇವಕನೆಂಬ ಅರ್ಥ ಬರುವಂತೆ ಗಂಡುಮಕ್ಕಳಿಗೆ ಹೆಸರಿಟ್ಟರು. ‘ಮೇಲ್ ಬ್ರಿಗ್ತೆ’ ಎಂದರೆ ಬ್ರಿಜಿಡಳಿಗಾಗಿ ಮುಡಿ ತೆಗೆಸಿದವನು, ಎಂದರೆ ಭಕ್ತ. ‘ಗಿಲ್ಲಾ ಬ್ರಿಗ್ತೆ’ ಎಂದರೆ ಬ್ರಿಜಿಡಳ ಆಳು. 927ರಲ್ಲಿ ತೀರಿಕೊಂಡ ಆರ್ಮಾ ಮಠದ ಅಧಿಪತಿಯ ಹೆಸರು ಮೇಲ್ ಬ್ರಿಗ್ತೆ. ಹದಿಮೂರನೆಯ ಶತಮಾನದ ಪ್ರಸಿದ್ಧ ಕವಿ ಗಿಲ್ಲಾ ಬ್ರೀದೆ ಮಾಕ್ ಕೊನ್ ಮೀ. ಹೆಂಗಸಿನ ಹೆಸರಿನ ಮುಂದೆ ತಮ್ಮನ್ನು ಆಳೆಂದು ಕರೆದುಕೊಳ್ಳಲು ಮಠಾಧಿಪತಿಗಳೂ ಕವಿಗಳೂ ನಾಚಲಿಲ್ಲ. ಆ ಸೇವಕನ ಮಗನೆಂಬ ಅರ್ಥದಲ್ಲಿ ಹುಟ್ಟಿದ ಮನೆತನದ ಹೆಸರು ‘ಮ್ಯಾಕ್‌ಬ್ರೈಡ್’. ಆ ಮನೆತನದ ಶಾನ್ ಮ್ಯಾಕ್‌ಬ್ರೈಡ್ (1904-1988) ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು. 1974ರ ನೊಬೆಲ್ ಶಾಂತಿ ಪಾರಿತೋಷಕದಲ್ಲಿ ಪಾಲು ಪಡೆದವರು. ಸೆರೆಯಲ್ಲಿರುವವರ ಬಿಡುಗಡೆಗಾಗಿ ದುಡಿದ ಅವರ ಹೆಸರಿನಲ್ಲಿ, ತಾಯಿಯನ್ನು ದಾಸ್ಯದಿಂದ ಬಿಡಿಸಿದವಳ ಹೆಸರು ಅಡಗಿರುವುದು ಸೊಗಸಾದ ಸಂಗತಿ.

ಹೆಸರು ಕಡಲನ್ನೂ ದಾಟಿತು. ಸ್ವೀಡನ್ನಿನ ಸಾಧ್ವಿ ಬಿರ್ಗಿತ್ತಾ (1303-1373) ಇದೇ ಹೆಸರಿನವಳು. ತನ್ನದೇ ಸನ್ಯಾಸಿನಿಯರ ಪಂಥವನ್ನು ಸ್ಥಾಪಿಸಿದವಳು. ಲಂಡನ್ನಿನಲ್ಲಿ ಸೇಂಟ್ ಬ್ರೈಡ್ ದೇವಾಲಯವಿದೆ. ಅದರ ಸಮೀಪದ ‘ಬ್ರೈಡಳ ಬಾವಿ’ಯಿಂದ ಹೆಸರು ಪಡೆದ ಬ್ರೈಡ್‌ವೆಲ್ ಅರಮನೆಯನ್ನು 1553ರಲ್ಲಿ ದೊರೆ ಆರನೆಯ ಎಡ್ವರ್ಡನು ನಗರಕ್ಕೆ ಕೊಟ್ಟನು. ಅದು ಅಲೆಮಾರಿಗಳನ್ನು ಕೂಡಿಹಾಕುವ ಬಂದೀಖಾನೆಯಾಯಿತು. ಕಡೆಗೆ ಇಂಗ್ಲಿಷಿನಲ್ಲಿ ‘ಬ್ರೈಡ್‌ವೆಲ್’ ಎಂದರೆ ಸೆರೆಮನೆ ಎಂಬ ಸಾಮಾನ್ಯಾರ್ಥವೇ ಬಂದಿತು. ರೂಢಿಯ ಬಲ ಎಂಥದೆಂಬುದಕ್ಕೆ ಇದೊಂದು ನಿದರ್ಶನ.

ಹೆಸರಿನ ಅಧಃಪತನ

ಇದಕ್ಕಿಂತ ಕಠೋರವಾದ ನಿದರ್ಶನ ಹತ್ತೊಂಬತ್ತನೆಯ ಶತಮಾನದ್ದು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ ಭೀಕರ ಕ್ಷಾಮ ಬಂದಿತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು; ಅಷ್ಟೇ ಜನ ದೇಶ ಬಿಟ್ಟರು. ಅಮೆರಿಕದ ನಗರಗಳನ್ನು ಸೇರಿದ ಐರಿಷ್ ಹುಡುಗಿಯರಲ್ಲಿ ಬಹುಮಂದಿಗೆ ದೊರೆತದ್ದು ಸಿರಿವಂತರ ಮನೆಗೆಲಸ. ಅವರಲ್ಲಿ ಬ್ರಿಜೆಟ್ ಎಂಬ ಹೆಸರು ಹೇರಳವಾಗಿದ್ದುದರಿಂದ, ಒಡತಿಯರು ಮನೆಗೆಲಸದ ಐರಿಷ್ ಹೆಂಗಸರನ್ನೆಲ್ಲ, ಅವರ ನಿಜವಾದ ಹೆಸರು ಏನೇ ಇರಲಿ, ಬ್ರಿಜೆಟ್ ಎಂದೋ ‘ಬಿಡ್ಡಿ’ ಎಂದೋ ಕರೆಯತೊಡಗಿದರು. ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲಿ ಬ್ರಿಜೆಟ್ ಎಂದರೆ ಪಾತ್ರೆ ಒಡೆಯುವ, ಒಡತಿಗೆ ಎದುರಾಡುವ, ಒರಟು ಮುಖದ ಅಡುಗೆಯವಳು. ಬೃಹತೀ ಎಂಬ ಯೋಗಾರ್ಥವುಳ್ಳ ನಾಮಕ್ಕೆ ತೊತ್ತು ಎಂಬ ರೂಢ್ಯರ್ಥ ಕಟ್ಟಲ್ಪಟ್ಟಿತು. ನಗೆಗೆ ಅಂಜಿ ಹಲವು ಹೆಂಗಸರು ಬರ್ತಾ, ಡೀಲಿಯಾ ಮುಂತಾದ ಬೇರೆ ಹೆಸರುಗಳನ್ನು ತಾಳಿದರು. ತಾಯಂದಿರು ಹೆಣ್ಣುಮಕ್ಕಳಿಗೆ ಅಜ್ಜಿಯ ಹೆಸರಿಡಲು ಹಿಂಜರಿದರು.

ಐರ್ಲೆಂಡಿನಲ್ಲಿಯೂ ಆ ಹೆಸರು ತನ್ನನ್ನು ಹೊತ್ತವಳನ್ನು ಕಾಯಲಿಲ್ಲ. 1895ರ ಮಾರ್ಚ್ ತಿಂಗಳಲ್ಲಿ ಟಿಪ್ಪರರಿ ಪ್ರಾಂತದ ಬ್ರಿಜೆಟ್ ಕ್ಲಿಯರಿ ಎಂಬ ಇಪ್ಪತ್ತಾರರ ಗೃಹಿಣಿ ಕಾಯಿಲೆ ಬಿದ್ದಳು. ಇವಳು ನನ್ನ ಹೆಂಡತಿಯಲ್ಲ, ಅವಳನ್ನು ಅಪಹರಿಸಿ ಯಕ್ಷರು ಇಟ್ಟುಹೋದ ಬದಲಿ ಎಂದು ಅವಳ ಗಂಡ ಬಗೆದು, ಬಂಧುಗಳ ಸಮಕ್ಷಮದಲ್ಲಿಯೇ ಅವಳನ್ನು ಬೆಂಕಿಗೆ ಗುರಿಮಾಡಿದನು. ನ್ಯಾಯಾಲಯವು ಅವನಿಗೆ ಸೆರೆವಾಸ ವಿಧಿಸಿತು. ಅಗ್ನಿಯ ದೇವಿಯ ಹೆಸರನ್ನು ಹೊತ್ತವಳು ಅಗ್ನಿಯಲ್ಲಿಯೇ ಅಳಿದಳು. ಹೆಸರಿನಲ್ಲಿ ತಾನಾಗಿ ರಕ್ಷಿಸುವ ಶಕ್ತಿಯಿಲ್ಲ. ರಕ್ಷಿಸಬೇಕಾದವರು ಸುತ್ತಲಿನ ಮನುಷ್ಯರು.

ಅಪಮಾನದ ಆ ಕಾಲದಲ್ಲಿಯೇ ಹೆಸರಿನ ಮಾನವನ್ನು ಸದ್ದಿಲ್ಲದೆ ಉಳಿಸಿದವರೂ ಇದ್ದರು. ಬ್ರಿಜೆಟ್ ಮರ್ಫಿ ಎಂಬಾಕೆ ವೆಕ್ಸ್‌ಫರ್ಡ್ ಪ್ರಾಂತದಿಂದ ಬಾಸ್ಟನ್ ನಗರಕ್ಕೆ ಬಂದವಳು. 1858ರಲ್ಲಿ ಗಂಡ ತೀರಿಕೊಂಡಾಗ ಆಕೆಯ ಕೊನೆಯ ಮಗ ಇನ್ನೂ ಹಸುಗೂಸು. ದುಡಿದು, ಸಣ್ಣದೊಂದು ಅಂಗಡಿಯಿಟ್ಟು ಮಕ್ಕಳನ್ನು ಸಾಕಿದಳು. ಆ ಹಸುಗೂಸಿನ ಮೊಮ್ಮಗನೇ 1961ರಲ್ಲಿ ಅಮೆರಿಕದ ಅಧ್ಯಕ್ಷನಾದ ಜಾನ್ ಕೆನಡಿ. ಚರಿತ್ರೆಯ ಪುಟದಲ್ಲಿ ಮರಿಮಗನ ಹೆಸರು ದೊಡ್ಡ ಅಕ್ಷರದಲ್ಲಿದೆ. ಅದಕ್ಕೆ ಅಡಿಪಾಯ ಹಾಕಿದವಳು ಒಬ್ಬ ಬ್ರಿಜೆಟ್.

ಪುನರುತ್ಥಾನ

ಅಮೆರಿಕದ ಅಪಹಾಸ್ಯಕ್ಕೂ ಮೊದಲೇ ಐರ್ಲೆಂಡಿನಲ್ಲಿ ಈ ಹೆಸರು ವಿದ್ಯೆಯೊಡನೆ ಬೆಸೆದುಕೊಂಡಿತ್ತು. 1807ರಲ್ಲಿ ಬಿಷಪ್ ಡೇನಿಯಲ್ ಡಿಲೇನಿಯವರು ಟಲ್ಲೋ ಎಂಬ ಊರಿನಲ್ಲಿ ಆರು ಮಂದಿ ಸ್ತ್ರೀಯರನ್ನು ಸೇರಿಸಿ ಬ್ರಿಜಿಡಳ ಹೆಸರಿನ ಸೋದರಿಯರ ಸಂಘವನ್ನು ಸ್ಥಾಪಿಸಿದರು. ಅಕ್ಷರ ಕಲಿಸುವುದೇ ಅದರ ಮುಖ್ಯ ಕಾಯಕ. ಕಿಲ್ಡೇರಿನ ಓಕ್ ಮರದ ಸಸಿಯೊಂದನ್ನು ಅಲ್ಲಿ ತಂದು ನೆಟ್ಟರೆಂದು ಆ ಸಂಘದವರು ಸ್ಮರಿಸುತ್ತಾರೆ. ಅದೇ ಸಂಘದ ಸೋದರಿಯರು 1993ರಲ್ಲಿ, ಶತಮಾನಗಳ ಹಿಂದೆ ಆರಿಹೋಗಿದ್ದ ಬ್ರಿಜಿಡಳ ಅಗ್ನಿಯನ್ನು ಕಿಲ್ಡೇರಿನಲ್ಲಿ ಮತ್ತೆ ಹೊತ್ತಿಸಿದರು. 1961ರ ಕೊನೆಯ ದಿನ ಪ್ರಸಾರವನ್ನಾರಂಭಿಸಿದ ಐರ್ಲೆಂಡಿನ ದೂರದರ್ಶನವು ಜೊಂಡಿನ ಶಿಲುಬೆಯನ್ನು ತನ್ನ ಲಾಂಛನವಾಗಿ ದಶಕಗಳ ಕಾಲ ಬಳಸಿತು. 2023ರಿಂದ ಐರ್ಲೆಂಡ್ ಸರ್ಕಾರವು ಬ್ರಿಜಿಡಳ ಹೆಸರಿನಲ್ಲಿ ಸಾರ್ವಜನಿಕ ರಜೆಯನ್ನು ಘೋಷಿಸಿದೆ. ಅದರ ಮೊದಲ ಆಚರಣೆ 2023ರ ಫೆಬ್ರವರಿ 6ರಂದು ನಡೆಯಿತು. 2024ರ ಜನವರಿಯಲ್ಲಿ, ಆಕೆಯದೆಂದು ನಂಬಲಾದ ಅಸ್ಥಿಯ ತುಣುಕೊಂದನ್ನು ಮೆರವಣಿಗೆಯಲ್ಲಿ ಕಿಲ್ಡೇರಿಗೆ ಬರಮಾಡಿಕೊಂಡರು. ಅಡುಗೆಮನೆಯ ಬೈಗುಳವಾಗಿದ್ದ ಹೆಸರು ದೇಶದ ಪಂಚಾಂಗವನ್ನು ಸೇರಿತು.

ಉಪಸಂಹಾರ

ಈ ಸುದೀರ್ಘ ಚರಿತ್ರೆಯಲ್ಲಿ ಹೆಸರಿನ ಅಕ್ಷರಗಳು ಅಷ್ಟಾಗಿ ಬದಲಾಗಲಿಲ್ಲ; ಯೋಗಾರ್ಥವಂತೂ ಎಳ್ಳಷ್ಟೂ ಬದಲಾಗಲಿಲ್ಲ. ಬದಲಾದುದು ರೂಢಿ. ರೂಢಿಯಾದರೋ ಆಕಾಶದಿಂದ ಇಳಿದುದಲ್ಲ. ಕರೆಯುವವರ ಬಾಯಿಂದ ಹುಟ್ಟಿದುದು. ಹೊತ್ತವರ ನಡತೆಯಿಂದ ಹೆಸರು ಬೆಳಗುತ್ತದೆಂದು ನಾವು ಮಕ್ಕಳಿಗೆ ಉಪದೇಶಿಸುತ್ತೇವೆ. ಅದು ಅರ್ಧಸತ್ಯ ಮಾತ್ರ. ಬಾಸ್ಟನ್ನಿನ ಸಾವಿರಾರು ಬ್ರಿಜೆಟ್‌ಗಳ ನಡತೆಯಲ್ಲಿ ಏನೂ ಕುಂದಿರಲಿಲ್ಲ. ಕುಂದಿದ್ದುದು ಅವರನ್ನು ಕರೆದವರ ನಾಲಗೆಯಲ್ಲಿ.

ಶಾಲೆಯೆಂಬುದು ದಿನವೂ ಹೆಸರು ಕೂಗುವ ಸ್ಥಳ. ಹಾಜರಿ ಪುಸ್ತಕವನ್ನು ಹಿಡಿದ ಉಪಾಧ್ಯಾಯನು ಬೆಳಗಿನ ಹೊತ್ತು ನಲವತ್ತು ಐವತ್ತು ಹೆಸರುಗಳಿಗೆ ರೂಢ್ಯರ್ಥವನ್ನು ಕಟ್ಟುತ್ತಾನೆ. ಕಲ್ಲವ್ವ, ದುರುಗಪ್ಪ, ಗುಂಡಮ್ಮ ಎಂಬ ಅಜ್ಜ ಅಜ್ಜಿಯರ ಹೆಸರುಗಳನ್ನು ಹೊತ್ತ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಆ ಹೆಸರನ್ನು ಕೂಗುವಾಗ ತುಟಿಯಂಚಿನಲ್ಲಿ ಸಣ್ಣ ನಗೆಯೊಂದು ಮೂಡಿದರೆ, ಮಗು ಅದನ್ನು ಆ ಕ್ಷಣವೇ ಗುರುತಿಸುತ್ತದೆ, ಬಹುಕಾಲ ಮರೆಯುವುದಿಲ್ಲ. ಕಾಲಾಂತರದಲ್ಲಿ ತನ್ನ ಮಕ್ಕಳಿಗೆ ಆ ಹೆಸರನ್ನು ಇಡುವುದೂ ಇಲ್ಲ. ಅದೇ ಹೆಸರನ್ನು ಪೂರ್ಣವಾಗಿ, ಸ್ಪಷ್ಟವಾಗಿ, ಅದರ ಅರ್ಥವನ್ನು ಬಲ್ಲವನಂತೆ ಕೂಗಿದರೆ ಒಂದು ಮನೆತನದ ನೆನಪು ಉಳಿಯುತ್ತದೆ. ಕಟ್ಟಡವನ್ನು ಕಟ್ಟಿಸಿಕೊಡುವುದು ದಾನಿಗಳಿಂದ ಸಾಧ್ಯ; ಹೆಸರಿಗೆ ಮಾನವನ್ನು ಕಟ್ಟಿಕೊಡುವುದು ಗುರುವಿನ ಬಾಯಿಗೆ ಬಿಟ್ಟ ದಾನ. ಅದಕ್ಕೆ ಕಾಸು ಖರ್ಚಿಲ್ಲ, ಎಚ್ಚರವೊಂದಿದ್ದರೆ ಸಾಕು.